ಐದನೇ ರೂಮಿನ ಇಪ್ಪತ್ತು ಪಾಯಿಂಟ್ ಆರು

ನಾನು ಮಾಡಬೇಕಾಗಿದ್ದದ್ದು ಒಂದು ಸಾಲಿನ ಕೆಲಸ. ಕೀಬೋರ್ಡಿನ ಮುಂದೆ ಕೂತರೆ ಹತ್ತು ಸೆಕೆಂಡು. ತಪ್ಪಾಗದಿರಲಿ ಎಂದು ಎರಡು ಸಲ ಓದಿ ಬರೆದರೆ ಅರ್ಧ ನಿಮಿಷ. ಆ ಸಾಲಿಗೆ ಅನುಮತಿ ಕೇಳಿಕೊಂಡು ಆರು ವಾರ ಅಲೆದೆ. ಏಳನೆಯ ವಾರದ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ನನ್ನ ಕಣ್ಣೆದುರಿಗೇ, ಉಸಿರಾಡಲು ಗಾಳಿಯಿಲ್ಲದ ಕೋಣೆಯೊಳಗೆ ತಲೆ ತೂರಿಸಿದಳು. ಈಗಲೂ ಮೆಟ್ರೋದಲ್ಲಿ ನಿಂತಿರುವಾಗ, ಕುಕ್ಕರ್ ಕೂಗುವಾಗ, ಏನೂ ಕಾರಣವಿಲ್ಲದೆ ಆ ಬಾಗಿಲು ತೆರೆದುಕೊಳ್ಳುತ್ತದೆ. ಆಗ ಮೊದಲು ಬರುವುದು ಭಯವಲ್ಲ, ಸಿಟ್ಟು. ಭಯ ಬರುವುದು ಆಮೇಲೆ.

ಆ ಜಾಗ ಇರುವುದು ಕಾಡುಗೋಡಿಯಿಂದ ಮುಂದೆ, ಹೊಸಕೋಟೆ ಕಡೆಗೆ. ಸೇಬು ಇಡುವ ಗೋದಾಮು. ಯಜಮಾನರ ಮನೆತನ ಅದೇ ಊರಿನದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಶೆಡ್ಡುಗಳು, ಬಾಡಿಗೆ ಮನೆಗಳು, ಈ ಗೋದಾಮು. ಒಳಗೆ ಒಂದು ಉದ್ದನೆಯ ಓಣಿ, ಓಣಿಯ ಎರಡೂ ಬದಿಗೆ ಸೇರಿ ಎಂಟು ರೂಮು. ಇವು ಬರೀ ತಂಪು ಮಾಡಿದ ರೂಮುಗಳಲ್ಲ. ಬಾಗಿಲನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಆಮ್ಲಜನಕವನ್ನು ಹೊರಗಟ್ಟಿ, ಸಾರಜನಕ ತುಂಬುತ್ತಾರೆ. ಹಾಗೆ ಇಟ್ಟ ಹಣ್ಣು ತಿಂಗಳುಗಟ್ಟಲೆ ಕೆಡುವುದಿಲ್ಲ. ಮನುಷ್ಯ ಮಾತ್ರ ಎರಡು ಉಸಿರಿಗೆ ಬೀಳುತ್ತಾನೆ. ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲವಂತೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದರ ಹತ್ತಿರ ಇರುತ್ತದೆ, ರೂಮುಗಳಲ್ಲಿ ಎರಡು. ಒಳಗೆ ಯಾವುದಿದೆ ಎಂದು ತಿಳಿಯಲು ಅಳೆಯುವುದೊಂದೇ ದಾರಿ.

ಅಳೆದದ್ದನ್ನು ತೋರಿಸುವುದು ನಮ್ಮ ಕೆಲಸ. ಮಹದೇವಪುರದಲ್ಲಿ ನಾಲ್ಕು ಜನರ ಚಿಕ್ಕ ಕಂಪನಿ ನಮ್ಮದು. ರೂಮುಗಳಲ್ಲಿ ಸೆನ್ಸರ್ ಇಟ್ಟು, ಅದರ ಲೆಕ್ಕವನ್ನು ಒಂದು ಸರ್ವರಿಗೆ ತಂದು, ಓಣಿಯ ಗೋಡೆಗೆ ಹಾಕಿದ ದೊಡ್ಡ ಪರದೆಯ ಮೇಲೆ ಎಂಟು ಸಂಖ್ಯೆಗಳಾಗಿ ತೋರಿಸುತ್ತೇವೆ. ಪರದೆ ಹಾಕಿದ ದಿನ ನಾನೇ ಅಲ್ಲಿದ್ದೆ. ಹಣ್ಣಿನ ಗಟ್ಟಿತನ ನೋಡುವ ಅಕ್ಕನನ್ನು ಮೊದಲು ಕಂಡದ್ದು ಅವತ್ತೇ. ಅಲ್ಲೇ ಹತ್ತಿರದ ಹಳ್ಳಿಯವಳು, ಸೀರೆಯ ಮೇಲೆ ಗಂಡಸರ ಸ್ವೆಟರು, ತಲೆಗೆ ಮಂಕಿ ಕ್ಯಾಪು. ರೂಮಿನಿಂದ ಹಣ್ಣು ತಂದು, ಸಿಪ್ಪೆ ಕೆತ್ತಿ, ಸೂಜಿಯಂಥದ್ದನ್ನು ಒತ್ತಿ, ಎಷ್ಟು ಗಟ್ಟಿ ಇದೆ ಎಂದು ಬರೆದಿಡುವುದು ಅವಳ ಕೆಲಸ. ಅದಕ್ಕೂ ಮೊದಲು ಹಳದಿ ಬಣ್ಣದ ಕೈಮೀಟರನ್ನು ತುಸುವೇ ತೆರೆದ ಬಾಗಿಲ ಸಂದಿಗೆ ಹಿಡಿದು, ಒಳಗೆ ಆಮ್ಲಜನಕ ಎಷ್ಟಿದೆ ಎಂದು ನೋಡಬೇಕಿತ್ತು. ಇನ್ನು ಮೇಲೆ ಆ ಮೀಟರು ಹಿಡಿದುಕೊಂಡು ಓಡಾಡಬೇಕಿಲ್ಲ ಅಕ್ಕ, ಎಲ್ಲ ಇಲ್ಲೇ ಕಾಣುತ್ತೆ ಎಂದು ಹೆಮ್ಮೆಯಿಂದ ಹೇಳಿದವಳು ನಾನು. ಮೀಟರು ಸೂಪರ್‌ವೈಸರ ಡ್ರಾಯರಿಗೆ ಹೋಯಿತು.

ಸರ್ವರಿನ ತೊಂದರೆ ಎರಡನೆಯ ತಿಂಗಳಲ್ಲಿ ಶುರುವಾಯಿತು. ಅದರಲ್ಲಿ ಹದಿನಾರು ಜಿಬಿ ಮೆಮೊರಿ. ಒಂದು ಡಿಸ್ಕ್ ಹೋದರೂ ಮಾಹಿತಿ ಉಳಿಯಲಿ ಎಂದು ನಮ್ಮ ಬಾಸ್ ಎರಡು ಡಿಸ್ಕ್ ಹಾಕಿಸಿ, ಅದಕ್ಕೆ ತಕ್ಕ ಫೈಲ್‌ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಒಂದನ್ನು ಆರಿಸಿದ್ದರು. ಒಳ್ಳೆಯದೇ. ಆದರೆ ಅದಕ್ಕೊಂದು ಅಭ್ಯಾಸ: ಒಮ್ಮೆ ಓದಿದ್ದನ್ನು ಮತ್ತೆ ಬೇಕಾದೀತೆಂದು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಇದನ್ನೇ ಕ್ಯಾಶ್ ಅನ್ನುವುದು. ಬೇಡವೆನ್ನದಿದ್ದರೆ ಮೆಮೊರಿಯ ಅರ್ಧದವರೆಗೂ ಅದೇ ಹಿಡಿದುಕೊಳ್ಳುತ್ತದೆ. ಉಳಿದರ್ಧದಲ್ಲಿ ಸೆನ್ಸರಿನ ಲೆಕ್ಕ ಓದುವ ಪ್ರೋಗ್ರಾಮು, ಎಂಟು ಕ್ಯಾಮೆರಾಗಳ ವಿಡಿಯೋ, ಮಿಕ್ಕೆಲ್ಲ ಇಕ್ಕಟ್ಟಿನಲ್ಲಿ ಬದುಕಬೇಕು. ವಾರಕ್ಕೊಮ್ಮೆ ಏನಾದರೊಂದು ಉಸಿರುಕಟ್ಟಿ ನಿಲ್ಲುತ್ತಿತ್ತು. ನಾನು ಪ್ರತಿ ಸೋಮವಾರ ಹೋಗಿ ಸರ್ವರನ್ನು ರೀಸ್ಟಾರ್ಟ್ ಮಾಡಿ ಬರುತ್ತಿದ್ದೆ. ನಿಮ್ ಕಂಪ್ಯೂಟ್ರಿಗೆ ವಾರಕ್ಕೊಂದೇ ಸ್ನಾನನಾ ಮೇಡಮ್ಮ ಎಂದು ಅಕ್ಕ ಕೇಳುತ್ತಿದ್ದಳು.

ಯಜಮಾನರಿಗೆ ಪರದೆಯ ಮೂಲೆಯಲ್ಲಿದ್ದ ಕೆಂಪು ಪಟ್ಟಿಯ ಮೇಲೆ ಕಣ್ಣು. ಮೆಮೊರಿ ಎಷ್ಟು ತುಂಬಿದೆ ಎಂದು ತೋರಿಸುವ ಪಟ್ಟಿ ಅದು. ಒಂದು ದಿನ ನನ್ನನ್ನು ಪರದೆಯ ಕೆಳಗೆ ನಿಲ್ಲಿಸಿಕೊಂಡರು.

"ಹದಿನಾರು ಜೀಬಿ ಹಾಕ್ಸಿದೀನಿ. ಒಂದಾದ್ರೂ ಖಾಲಿ ಐತೇನಮ್ಮ ಇಲ್ಲಿ?"

ಮೆಮೊರಿ ಖಾಲಿ ಇದ್ದರೆ ದಂಡ, ಅದಕ್ಕೇ ಕಂಪ್ಯೂಟರು ಅಲ್ಲಿ ಫೈಲುಗಳನ್ನು ಕೂರಿಸಿರುತ್ತದೆ, ಬೇರೆಯವರಿಗೆ ಬೇಕಾದಾಗ ಎಬ್ಬಿಸುತ್ತದೆ ಎಂದು ಹೇಳಿದೆ. ಕಾಲೇಜಿನಲ್ಲಿ ನನಗೆ ಹೇಳಿಕೊಟ್ಟಿದ್ದೂ ಹಾಗೇ.

"ಬಾಡಿಗೇಗೆ ಇರ್ತಾರಲ್ಲ, ಅಂಗೆ?"

"ಹೌದು ಸಾರ್. ಕೇಳಿದ ತಕ್ಷಣ ಖಾಲಿ ಮಾಡ್ತಾರೆ."

ಯಜಮಾನರು ನಕ್ಕುಬಿಟ್ಟರು. "ಕೇಳಿದ ತಕ್ಷಣ ಖಾಲಿ ಮಾಡೋ ಬಾಡಿಗೆಯವ್ರ್‌ನ ನಾನಂತೂ ನೋಡಿಲ್ಲ ಕಣಮ್ಮ. ನಲವತ್ತು ಮನೆ ಕಟ್ಟಿದೀನಿ. ಗಡುವು ಹಾಕು. ಗಡುವು ಹಾಕ್ದೇ ಇದ್ರೆ ಒಬ್ರೂ ಏಳಲ್ಲ."

ನಾನೂ ನಕ್ಕೆ. ರಾತ್ರಿ ಮನೆಗೆ ಹೋಗಿ ಓದಿ ನೋಡಿದರೆ ಅವರ ಮಾತೇ ಸರಿ. ಸಾಮಾನ್ಯವಾದ ಕ್ಯಾಶ್ ಕೇಳಿದ ಕೂಡಲೇ ಏಳುತ್ತದೆ. ಈ ಫೈಲ್‌ಸಿಸ್ಟಮ್ಮಿನ ಕ್ಯಾಶ್ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವಂಥದ್ದು. ಜಾಗ ಬಿಡು ಅಂದರೆ ಬಿಡುತ್ತದೆ, ಆದರೆ ತನ್ನ ಹೊತ್ತಿಗೆ. ಅಷ್ಟರಲ್ಲಿ ಬೇರೊಂದು ಪ್ರೋಗ್ರಾಮು ಒಮ್ಮೆಲೇ ದೊಡ್ಡ ಜಾಗ ಕೇಳಿದರೆ ಕಂಪ್ಯೂಟರಿಗೆ ಕಾಯಲು ವ್ಯವಧಾನವಿಲ್ಲ. ಅದು ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆದು, ಯಾವುದು ಹೆಚ್ಚು ಮೆಮೊರಿ ಹಿಡಿದಿದೆಯೋ ಅದನ್ನು ಕೊಂದುಹಾಕುತ್ತದೆ. ಆ ಪಟ್ಟಿಯಲ್ಲಿ ಕ್ಯಾಶ್‌ನ ಹೆಸರೇ ಇರುವುದಿಲ್ಲ. ಜಾಗವನ್ನೆಲ್ಲ ಹಿಡಿದು ಕೂತದ್ದು ಅದು, ಸಾಯುವುದು ಪಕ್ಕದವನು. ಪರಿಹಾರವೂ ಅಲ್ಲೇ ಬರೆದಿತ್ತು: ಕ್ಯಾಶ್ ಇಷ್ಟನ್ನು ಮೀರಕೂಡದು ಎಂದು ಒಂದು ಮಿತಿ ಹಾಕಿ. ನಮ್ಮ ಸರ್ವರಿಗೆ ನಾಲ್ಕು ಜಿಬಿ ಸಾಕು ಎಂದು ಲೆಕ್ಕ ಹಾಕಿದೆ. ಅದೇ ಆ ಒಂದು ಸಾಲು.

ಬಾಸ್ ಒಪ್ಪಲಿಲ್ಲ. ಅದನ್ನು ಮಾಡಿದವರು ದಡ್ಡರಲ್ಲ, ಯೋಚನೆ ಮಾಡಿಯೇ ಅರ್ಧ ಎಂದು ಇಟ್ಟಿರುತ್ತಾರೆ, ಕಡಿಮೆ ಮಾಡಿದರೆ ನಿಧಾನವಾಗುತ್ತೆ ಎಂದರು. ನಾನು ಬಿಡದೆ ಹಿಂದೆ ಬಿದ್ದಾಗ, ಸರಿ, ಆದರೆ ಮೆಷೀನು ಕ್ಲೈಂಟಿನದು, ಅವರ ಲಿಖಿತ ಅನುಮತಿ ಇಲ್ಲದೆ ಮುಟ್ಟಬೇಡ ಎಂದರು. ಗೋದಾಮಿನ ಆಫೀಸಿಗೆ ಮೇಲ್ ಬರೆದೆ. ಕ್ಯಾಶ್ ಲಿಮಿಟ್ ನಾಲ್ಕಕ್ಕೆ ಇಳಿಸಬೇಕಾಗಿದೆ, ದಯವಿಟ್ಟು ಅನುಮತಿ ಕೊಡಿ ಎಂದು, ಎಲ್ಲರಿಗೂ ಅರ್ಥವಾಗಲೆಂದು ಕನ್ನಡದಲ್ಲೇ ಬರೆದೆ. ಆಫೀಸಿನಲ್ಲಿ ಅದನ್ನು ಓದಿದವರು ಅಕೌಂಟೆಂಟರಿಗೆ ಕಳಿಸಿದರು. ಹನ್ನೆರಡು ದಿನದ ಮೇಲೆ ಅವರಿಂದ ಉತ್ತರ ಬಂತು: ನಮ್ಮ ಸಂಸ್ಥೆಯಲ್ಲಿ ನಗದು ವ್ಯವಹಾರ ಇರುವುದಿಲ್ಲ, ಎಲ್ಲವೂ ಬ್ಯಾಂಕಿನ ಮೂಲಕವೇ ನಡೆಯುವುದರಿಂದ ಕ್ಯಾಶ್ ಲಿಮಿಟ್‌ನ ಅವಶ್ಯಕತೆ ಕಂಡುಬರುವುದಿಲ್ಲ.

ಮೊದಲು ಬಿದ್ದು ಬಿದ್ದು ನಕ್ಕೆ. ಗೆಳತಿಯರಿಗೆಲ್ಲ ಕಳಿಸಿದೆ. ಆಮೇಲೆ ಮತ್ತೆ ಬರೆದೆ, ಈ ಸಲ ಕ್ಯಾಶ್ ಎಂಬ ಮಾತೇ ಬರದ ಹಾಗೆ, ‘ತಾತ್ಕಾಲಿಕ ಸ್ಮರಣೆಯ ಮಿತಿ’ ಎಂದು. ಅದನ್ನು ಯಾರೂ ತೆರೆದೇ ನೋಡಲಿಲ್ಲ. ಫೋನು ಮಾಡಿದರೆ ಅಕೌಂಟೆಂಟರು ಯಜಮಾನರನ್ನು ಕೇಳಬೇಕು ಅಂದರು. ಯಜಮಾನರನ್ನು ಕೇಳಿ ಎಂದು ಬಾಸ್‌ಗೆ ಹೇಳಿದರೆ, ಯಜಮಾನರ ಫೋನು ಬಂದಾಗಲೆಲ್ಲ ಆ ಕೆಂಪು ಪಟ್ಟಿಯದೇ ದೂರು, ನನಗೆ ಸಾಕಾಗಿದೆ, ಮೊದಲು ಅದನ್ನು ಪರದೆಯಿಂದ ತೆಗಿ ಎಂದರು. ತೆಗೆದೆ. ಎರಡು ನಿಮಿಷ ಹಿಡಿಯಿತು. ಅದಕ್ಕೆ ಯಾರ ಲಿಖಿತ ಅನುಮತಿಯೂ ಬೇಕಾಗಲಿಲ್ಲ. ಯಜಮಾನರ ಫೋನು ನಿಂತಿತು. ಬಾಸ್‌ಗೆ ನೆಮ್ಮದಿಯಾಯಿತು. ನಿಜ ಹೇಳಬೇಕೆಂದರೆ ನನಗೂ.

ಆ ಸೋಮವಾರ ಎಂದಿನಂತೆ ಕಾಡುಗೋಡಿಯಲ್ಲಿ ಮೆಟ್ರೋ ಇಳಿದು ಆಟೋ ಹಿಡಿದು ಹೋದೆ. ಸರ್ವರ್ ಇರುವುದು ಓಣಿಯ ತುದಿಯ ಗಾಜಿನ ಕ್ಯಾಬಿನ್ನಿನಲ್ಲಿ. ಕೂತು ಲಾಗ್ ತೆರೆದೆ. ಕಂಪ್ಯೂಟರು ತನಗೆ ಏನೇನಾಯಿತು ಎಂದು ಬರೆದಿಟ್ಟುಕೊಳ್ಳುವ ದಿನಚರಿ ಅದು. ಹಿಂದಿನ ದಿನ ಸಂಜೆ ಆರೂಕಾಲರ ಹತ್ತಿರ, ಮೆಮೊರಿ ಮುಗಿಯಿತು, ಒಂದು ಪ್ರೋಗ್ರಾಮನ್ನು ಕೊಂದೆ ಎಂಬ ಅರ್ಥದ ಸಾಲಿತ್ತು. ಕೊಂದದ್ದು ಸೆನ್ಸರಿನ ಲೆಕ್ಕ ಓದುವ ಪ್ರೋಗ್ರಾಮನ್ನು. ಅದು ತಾನಾಗಿ ಮೂರು ಸಲ ಎದ್ದು, ಮೂರು ಸಲವೂ ಸತ್ತು, ನಾಲ್ಕನೆಯ ಸಲ ಏಳುವ ಗೋಜಿಗೆ ಹೋಗಿರಲಿಲ್ಲ. ಯಾವುದೋ ಲಾರಿ ಗೇಟಿನ ಕಂಬಕ್ಕೆ ಗುದ್ದಿದ್ದನ್ನು ಹುಡುಕಲು ಆಫೀಸಿನವರು ಆ ಹೊತ್ತಿನಲ್ಲಿ ಕ್ಯಾಮೆರಾದ ವಿಡಿಯೋಗಳನ್ನು ಕಾಪಿ ಮಾಡಿಕೊಂಡಿದ್ದರು. ಕ್ಯಾಶ್ ಆ ವಿಡಿಯೋಗಳನ್ನೆಲ್ಲ ಮತ್ತೆ ಬೇಕಾದೀತೆಂದು ಜೋಪಾನವಾಗಿ ತುಂಬಿಸಿಕೊಂಡಿತ್ತು.

ಥೂ, ಇದೇ ಆಯ್ತು ಅಂದುಕೊಂಡು ಪರದೆಯ ಕಡೆ ನೋಡಿದೆ. ಎಂಟೂ ಸಂಖ್ಯೆಗಳು ಎಂದಿನಂತೆ ಹೊಳೆಯುತ್ತಿದ್ದವು. ಓದುವವನು ಸತ್ತು ಹದಿನಾರು ಗಂಟೆಯಾಗಿದ್ದರೂ, ಪರದೆಯ ಪುಟ ಬೇರೆ ಪ್ರೋಗ್ರಾಮಿನದು; ಅದು ಕೊನೆಗೆ ಬಂದ ಸಂಖ್ಯೆಯನ್ನು ಹಿಡಿದುಕೊಂಡು ನಿಂತಿತ್ತು. ಏಳು ರೂಮುಗಳಲ್ಲಿ ಎರಡರ ಆಸುಪಾಸು. ಅವು ದಿನವೂ ಅಷ್ಟೇ ಇರುವುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಐದನೇ ರೂಮಿನ ಎದುರು ಮಾತ್ರ ಹಸಿರು ಬಣ್ಣದಲ್ಲಿ 20.6 ಎಂದಿತ್ತು. ಭಾನುವಾರ ಮಧ್ಯಾಹ್ನ ಐದನೇ ರೂಮು ತೆರೆದು ಅರ್ಧ ಮಾಲು ತೆಗೆದಿದ್ದರು. ಸಂಜೆ ಏಳರ ಮೇಲೆ ಬಾಗಿಲು ಮುಚ್ಚಿ ಸಾರಜನಕ ಬಿಟ್ಟಿದ್ದರು. ನನ್ನ ಪಕ್ಕದ ಮೇಜಿನ ಮೇಲಿದ್ದ ಪುಸ್ತಕದಲ್ಲಿ ರಾತ್ರಿ ಪಾಳಿಯವನು ಅದನ್ನು ಬರೆದೂ ಇದ್ದ.

ಪರದೆಯ ಹಳೆಯ ಸಂಖ್ಯೆ, ಪುಸ್ತಕದ ಬರಹ, ಆ ಎರಡನ್ನೂ ಜೋಡಿಸಿಕೊಳ್ಳಲು ನನಗೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಆಮೇಲಿನ ದಿನಗಳಲ್ಲಿ ಅದನ್ನೇ ಲೆಕ್ಕ ಹಾಕಿದ್ದೇನೆ. ಒಮ್ಮೆ ಮೂರು ಸೆಕೆಂಡು ಅನಿಸುತ್ತದೆ, ಒಮ್ಮೆ ನಿಮಿಷವೇ ಆಗಿತ್ತೇನೋ ಅನಿಸುತ್ತದೆ. ತಲೆ ಎತ್ತಿದಾಗ ಗಾಜಿನಾಚೆ ಅಕ್ಕ ಐದನೇ ರೂಮಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ದೊಡ್ಡ ಬಾಗಿಲಿನ ಕೆಳಭಾಗದಲ್ಲಿ ಒಬ್ಬರು ನುಸುಳುವಷ್ಟು ಚಿಕ್ಕ ಬಾಗಿಲಿರುತ್ತದೆ. ಸಂಖ್ಯೆ ಇಪ್ಪತ್ತರ ಮೇಲಿದ್ದರೆ ದೊಡ್ಡದನ್ನು ತೆಗೆಯದೆ ಅದರಲ್ಲೇ ಹೋಗಿಬರುತ್ತಿದ್ದರು. ಅದಕ್ಕೆ ಬಗ್ಗಿ ಹೋಗಬೇಕು. ಮೊದಲು ಒಳಗೆ ಹೋಗುವುದು ತಲೆ.

ಅವಳು ಅದರ ನಾಲ್ಕನೆಯ, ಕೊನೆಯ ತಿರುಪು ಬಿಚ್ಚುತ್ತಿದ್ದಳು. ನಾನು ಕೂಗಿದೆ. ಫ್ಯಾನುಗಳ ಸದ್ದಿನಲ್ಲಿ, ಮಂಕಿ ಕ್ಯಾಪಿನ ಒಳಗೆ, ಅವಳಿಗೆ ಕೇಳಲಿಲ್ಲ. ಓಡಿದೆ. ಓಣಿಯ ನೆಲ ಒದ್ದೆ, ನನ್ನ ಕಾಲಲ್ಲಿ ಚಪ್ಪಲಿ, ಒಮ್ಮೆ ಜಾರಿ ಗೋಡೆ ಹಿಡಿದೆ. ಹಾಗೆ ಗೋಡೆ ಹಿಡಿದು ನಿಂತದ್ದನ್ನು ನನಗೆ ನಾನು ಇನ್ನೂ ಕ್ಷಮಿಸಿಲ್ಲ. ಚಿಕ್ಕ ಬಾಗಿಲು ಪಕ್ಕಕ್ಕೆ ಸರಿಯಿತು, ಅಕ್ಕ ಬಗ್ಗಿದಳು, ತಲೆ ಮತ್ತು ಭುಜ ಒಳಗೆ ಹೋದವು. ನಾನು ತಲುಪುವ ಹೊತ್ತಿಗೆ ಅವಳ ಬೆನ್ನು ವಿಚಿತ್ರವಾಗಿ ಸಡಿಲವಾಗಿತ್ತು, ಬಟ್ಟೆ ಜಾರಿದ ಹಾಗೆ ಅವಳೇ ಒಳಕ್ಕೆ ಜಾರುತ್ತಿದ್ದಳು. ಉಸಿರು ಬಿಗಿಹಿಡಿದು ಸ್ವೆಟರಿನ ಹಿಂಭಾಗಕ್ಕೆ ಎರಡೂ ಕೈ ಹಾಕಿ ಎಳೆದೆ. ಉಣ್ಣೆ ಹಿಗ್ಗಿತೇ ಹೊರತು ಅವಳು ಬರಲಿಲ್ಲ. ಕ್ರೇಟು ಹೊರುತ್ತಿದ್ದ ಹಮಾಲಿ ಅಣ್ಣ ಒಬ್ಬರು ಕ್ರೇಟು ಅಲ್ಲೇ ಬಿಟ್ಟು ಬಂದು ಅವಳ ಸೊಂಟಕ್ಕೆ ಕೈ ಹಾಕಿದರು. ಮೂವರೂ ಒಟ್ಟಿಗೆ ನೆಲಕ್ಕೆ ಬಿದ್ದೆವು. ಸೇಬುಗಳು ಓಣಿಯ ಉದ್ದಕ್ಕೂ ಉರುಳಿಕೊಂಡು ಹೋದವು.

ಸೂಪರ್‌ವೈಸರು ಡ್ರಾಯರಿನಿಂದ ಹಳದಿ ಮೀಟರು ತಂದು ಆ ಕಿಂಡಿಗೆ ಹಿಡಿದರು. ನಾಲ್ಕು ಎಂದು ತೋರಿಸಿ ಅದು ಕಿರುಚತೊಡಗಿತು. ಮೇಲೆ ಗೋಡೆಯ ಪರದೆಯಲ್ಲಿ 20.6 ಹಸಿರಾಗಿ ಹಾಗೇ ಇತ್ತು.

ಅಕ್ಕ ಕಣ್ಣು ಬಿಡಲು ಅರ್ಧ ನಿಮಿಷವಾಗಿರಬಹುದು. ತುಟಿಯ ಬಣ್ಣ ಹೋಗಿತ್ತು. ನನ್ನನ್ನು ನೋಡಿದಳು, ಹಮಾಲಿ ಅಣ್ಣನನ್ನು ನೋಡಿದಳು, ಆಮೇಲೆ ತನ್ನ ಹೆಗಲು ನೋಡಿಕೊಂಡಳು.

"ಸ್ವೆಟ್ರು ಅರ್ದಾಕ್‌ಬಿಟ್ರಲ್ಲ ಮೇಡಮ್ಮ."

ನನಗೆ ಅಳು ಬಂತು. ಅವಳಿಗೆ ಇನ್ನೂ ಏನಾಗಿದೆಯೆಂದು ಗೊತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಮತ್ತೆ ಮತ್ತೆ ಒಂದೇ ಮಾತು ಹೇಳಿದಳು. ರಾತ್ರಿ ಪಾಳಿಯವನನ್ನು ಫೋನಿನಲ್ಲಿ ಕೇಳಿದ್ದಳಂತೆ. ಐದು ಖಾಲಿ ಆಗಿದೆ ಎಂದನಂತೆ. ಆಮ್ಲಜನಕ ಹೊರಗಟ್ಟುವುದಕ್ಕೆ ಅಲ್ಲಿ ‘ಗಾಳಿ ಖಾಲಿ ಮಾಡೋದು’ ಎನ್ನುತ್ತಾರೆ. ಅವನು ಹೇಳಿದ್ದು ಅದನ್ನು. ಇವಳಿಗೆ ಕೇಳಿಸಿದ್ದು ಸಾರಜನಕ ಖಾಲಿಯಾಗಿದೆ, ಒಳಗೆ ಹೊರಗಿನ ಗಾಳಿಯೇ ಇದೆ ಎಂದು. ಯಾವುದಕ್ಕೂ ಇರಲಿ ಎಂದು ಪರದೆಯನ್ನೂ ನೋಡಿದ್ದಳು. "ಅವನ ಮಾತ್ ನಂಬಿ ಓಗ್ಲಿಲ್ಲ ಮೇಡಮ್ಮ," ಅಂದಳು. "ನಿಮ್ ನಂಬರ್ ನೋಡೇ ಓಗಿದ್ದು." ಸಂಜೆಯವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಏನೂ ತೊಂದರೆಯಿಲ್ಲ, ಒಂದೆರಡೇ ಉಸಿರು ಎಳೆದಿರಬೇಕು ಎಂದು ಕಳಿಸಿದರು.

ಮರುದಿನ ಯಜಮಾನರ ಆಫೀಸಿನಲ್ಲಿ ಮೀಟಿಂಗು. ನಮ್ಮ ಬಾಸ್ ಫೋನಿನ ಸ್ಪೀಕರಿನಲ್ಲಿ. ಅವರು ಬಳಕೆದಾರರ ತಪ್ಪು ಎಂಬ ಮಾತನ್ನು ನಾಲ್ಕು ಸಲ ಬಳಸಿದರು. ಸೂಪರ್‌ವೈಸರು ಬಾಗಿಲಿನ ಮೇಲೆ ‘ಒಳಗೆ ಹೋಗಬೇಡಿ’ ಎಂಬ ಬೋರ್ಡು ಇತ್ತಲ್ಲ ಎಂದರು. ಆ ಬೋರ್ಡು ಎಂಟೂ ಬಾಗಿಲುಗಳ ಮೇಲೆ ವರ್ಷವಿಡೀ ನೇತಾಡುತ್ತಿರುತ್ತದೆ. ಅಕೌಂಟೆಂಟರು ಇನ್ನೂ ಹದಿನಾರು ಜಿಬಿ ಮೆಮೊರಿ ತರಿಸೋಣವೇ ಎಂದರು. ನನಗೆ ತಡೆಯಲಾಗಲಿಲ್ಲ. ಮೂವತ್ತೆರಡು ಹಾಕಿದರೆ ಕ್ಯಾಶ್ ಹದಿನಾರು ಹಿಡಿದುಕೊಂಡು ಕೂರುತ್ತೆ ಸಾರ್, ಬೇಕಿರೋದು ಮೆಮೊರಿ ಅಲ್ಲ, ಮಿತಿ, ಅದಕ್ಕೆ ಆರು ವಾರದಿಂದ ಅನುಮತಿ ಕೇಳ್ತಿದೀನಿ, ನೀವು ಯಾರೂ ಕೊಡಲಿಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಯಜಮಾನರು ನನ್ನನ್ನು ನೋಡಿದರು. ಸಿಟ್ಟಿನಲ್ಲಿ ಅಲ್ಲ, ಆಶ್ಚರ್ಯದಲ್ಲಿ.

"ಗಡುವು ಹಾಕು ಅಂತ ಅವತ್ತೇ ಹೇಳಿದ್ನಲ್ಲಮ್ಮ ನಾನು."

ಹೇಳಿದ್ದರು. ಪರದೆಯ ಕೆಳಗೆ ನಿಂತು, ನನ್ನ ಮುಖಕ್ಕೇ. ನಾನು ಅದನ್ನು ತಮಾಷೆ ಎಂದು ನಕ್ಕು, ಅದೇ ಮಾತಿಗೆ ಅನುಮತಿ ಬೇಡುತ್ತ ಅವರದೇ ಅಕೌಂಟೆಂಟರಿಗೆ ಮೇಲ್ ಬರೆದುಕೊಂಡಿದ್ದೆ. ಮೇಲ್‌ನಲ್ಲಿ ಬಂದಿದ್ದರೆ ಅದು ಅನುಮತಿಯಾಗುತ್ತಿತ್ತು. ಬಾಯಲ್ಲಿ ಬಂದದ್ದರಿಂದ ಹಳ್ಳಿ ಮಾತಾಯಿತು. ಎಲ್ಲರ ಮೇಲಿದ್ದ ಸಿಟ್ಟು ಅಲ್ಲೇ ತಿರುಗಿ ನನ್ನ ಮೇಲೆ ಬಂದು ಕೂತಿತು, ಇನ್ನೂ ಎದ್ದಿಲ್ಲ.

ಮೀಟಿಂಗು ಮುಗಿಯುವ ಮೊದಲೇ ಎದ್ದು ಕ್ಯಾಬಿನ್ನಿಗೆ ಹೋಗಿ ಆ ಸಾಲು ಬರೆದೆ. ನಾಲ್ಕು ಜಿಬಿ. ತಪ್ಪಾಗದಿರಲಿ ಎಂದು ಎರಡು ಸಲ ಓದಿದೆ; ಆದರೂ ಒಂದು ನಿಮಿಷ ಹಿಡಿಯಲಿಲ್ಲ. ಹಿಡಿದಿದ್ದ ಜಾಗವನ್ನು ಕ್ಯಾಶ್ ನಿಧಾನವಾಗಿ ಬಿಟ್ಟುಕೊಡುವುದನ್ನು ಕೂತು ನೋಡಿದೆ. ಕೊಲ್ಲುವ ಪಟ್ಟಿಯಲ್ಲಿ ಸೆನ್ಸರ್ ಓದುವ ಪ್ರೋಗ್ರಾಮು ಕಟ್ಟಕಡೆಗೆ ಬರಲಿ ಎಂದು ಇನ್ನೊಂದು ಸಾಲು ಬರೆದೆ. ಆಮೇಲೆ ಪರದೆಯ ಪುಟವನ್ನು ತೆರೆದು, ಒಂದು ನಿಮಿಷಕ್ಕಿಂತ ಹಳೆಯದಾದ ಸಂಖ್ಯೆಯನ್ನು ತೋರಿಸಕೂಡದು, ಅಳಿಸಿ ಬರೀ ಗೆರೆ ಎಳೆ ಎಂದು ಬದಲಿಸಿದೆ. ಮೊದಲ ದಿನವೇ ಇರಬೇಕಾಗಿದ್ದದ್ದು ಅದು. ಬಾಸ್‌ಗೆ ಹೇಳಲಿಲ್ಲ.

ಅಕ್ಕ ಎಂಟು ದಿನ ಬಿಟ್ಟು ಕೆಲಸಕ್ಕೆ ಬಂದಳು. ಮೀಟರನ್ನು ಡ್ರಾಯರಿನಿಂದ ಅವಳೇ ತೆಗೆದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ನಾನು ಹತ್ತಿರ ಹೋಗಿ, ಇನ್ನು ಮೇಲೆ ಪರದೆಯನ್ನು ನಂಬಬೇಡ ಅಕ್ಕ, ಕೈಯಲ್ಲಿರುವುದನ್ನು ನಂಬು ಎಂದೆ.

"ಅಂಗಾದ್ರೆ ಇದ್ಯಾಕ್ ಆಕಿದೀರಿ ಇಲ್ಲಿ?" ಅಂದಳು.

ಅವಳು ಕುಹಕದಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಯಜಮಾನರು ದೂರದಿಂದ ನೋಡಲಿಕ್ಕೆ, ತಿಂಗಳ ಲೆಕ್ಕ ಇಡಲಿಕ್ಕೆ ಎಂದು ಏನೇನೋ ಹೇಳಿದೆ. ಅವಳು ಕೇಳಿಸಿಕೊಂಡು, ಮೀಟರನ್ನು ಬಾಗಿಲ ಸಂದಿಗೆ ಹಿಡಿಯಲು ಹೋದಳು.

ಹೋದ ತಿಂಗಳು ಒಂದು ಮಧ್ಯಾಹ್ನ ಯಜಮಾನರ ಫೋನು ಬಂತು. ದನಿ ಬಿಸಿಯಾಗಿತ್ತು. ಪರದೆಯ ಮೇಲೆ ಎಂಟು ರೂಮಿಗೂ ಬರೀ ಗೆರೆ, ಒಂದು ನಂಬರೂ ಇಲ್ಲ, ಹಣ್ಣು ಕೊಳ್ಳುವವರು ಬಂದು ಕೂತಿದ್ದಾರೆ, ನನ್ನ ಮರ್ಯಾದೆ ಏನಾಗಬೇಕು ಎಂದು ಬೈದರು. ಎಂಟೂ ಸೆನ್ಸರುಗಳಿಂದ ಸರ್ವರಿಗೆ ಬರುವ ತಂತಿಯನ್ನು ಯಾರೋ ಟ್ರಾಲಿ ತಾಗಿಸಿ ಕಿತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಸರ್ವರಿಗೆ ಏನೂ ಆಗಿರಲಿಲ್ಲ. ಫೋನಿನಲ್ಲಿ ನಾನು ಕೇಳಿದ್ದು ಅಕ್ಕ ಎಲ್ಲಿ ಎಂದು.

"ಅವ್ಳಾ? ನಂಬರ್ ಬರೋಗಂಟ ಬಾಗ್ಲ್ ಮುಟ್ಟಲ್ಲ ಅಂತ ಅಲ್ಲೇ ಕ್ರೇಟ್ ಮ್ಯಾಲ್ ಕುಂತವ್ಳೆ. ಮೀಟ್ರೂ ಕೊರಳಾಗೇ ಐತೆ, ಅದ್ರಾಗೂ ನೋಡಿ, ಇದ್ರಾಗೂ ನೋಡಿ, ಎರಡೂ ಒಂದೇ ಹೇಳಿದ್ರೇನೇ ಅಂತೆ. ನೀನಾದ್ರೂ ಹೇಳಮ್ಮ ಅವ್ಳಿಗೆ."

ನಾನು ಹೇಳುವುದಿಲ್ಲ ಸಾರ್ ಎಂದೆ. ಆಟೋ ಹಿಡಿದು ಬರುತ್ತೇನೆ, ಅಲ್ಲಿಯವರೆಗೆ ಅವಳನ್ನು ಎಬ್ಬಿಸಬೇಡಿ ಎಂದೆ.